ಕೆನ್ನೆಯ ಸಂದಿಯ ಚಿಟಿಕೆ: ಚಟ ಹತ್ತುವ ದಾರಿ, ಚಟ ಬಿಡುವ ದಾರಿ



ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಒಂದು ಸೋಮವಾರವೋ ಗುರುವಾರವೋ ಹೋಗಿ ನೋಡಿ. ಹಂಗಾಮಿನ ದಿನಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಚೀಲಗಳ ಸಾಲು. ಗಾಳಿಯಲ್ಲಿ ಘಾಟು, ಸೀನು, ಕೆಮ್ಮು. ಹಮಾಲರು ನಸುಕಿನಿಂದಲೇ ಚೀಲ ಹೊರುತ್ತಾರೆ. ಹೆಣ್ಣುಮಕ್ಕಳು ಮುಖಕ್ಕೆ ಸೆರಗು ಕಟ್ಟಿಕೊಂಡು ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಾರೆ. ಆ ಸೆರಗಿನ ಹಿಂದೆ, ಆ ಟವೆಲಿನ ಹಿಂದೆ, ಎಷ್ಟೋ ಜನರ ಕೆನ್ನೆಯ ಸಂದಿಯಲ್ಲಿ ಒಂದು ಚಿಟಿಕೆ ತಂಬಾಕು ಇರುತ್ತದೆ. ಕೆಲವರದು ಎಲೆ, ಅಡಿಕೆ, ಸುಣ್ಣದ ಜೊತೆ. ಕೆಲವರದು ಬರೀ ಕಡ್ಡಿಪುಡಿ. ಹುಡುಗರದು ಪಾಕೀಟಿನ ಗುಟ್ಕಾ.

ಮಾದಕ ವಸ್ತು ಎಂದೊಡನೆ ನಮ್ಮ ತಂದೆತಾಯಿಗಳ ಕಣ್ಣ ಮುಂದೆ ಬರುವುದು ಬೆಂಗಳೂರಿನ ಸುದ್ದಿ. ಓದಲು ಕಳಿಸಿದ ಮಗ ಯಾವ ಮಾತ್ರೆ ನುಂಗುತ್ತಾನೋ, ಯಾವ ಪುಡಿ ಮೂಸುತ್ತಾನೋ ಎಂಬ ದಿಗಿಲು. ಆ ದಿಗಿಲು ಸುಳ್ಳಲ್ಲ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಮನೆಗಳಲ್ಲಿ ನಿತ್ಯ ಕೆಲಸ ಮಾಡುತ್ತಿರುವ ಉತ್ತೇಜಕ ವಸ್ತು ಅಪ್ಪನ ಅಂಗಿಯ ಜೇಬಿನಲ್ಲಿಯೂ ಅಜ್ಜಿಯ ಎಲೆಅಡಿಕೆಯ ಚೀಲದಲ್ಲಿಯೂ ಇದೆ. ಅದನ್ನು ನಾವು ಮಾದಕ ವಸ್ತು ಎಂದು ಕರೆಯುವುದೇ ಇಲ್ಲ.

ಈ ವಿಷಯವನ್ನು ಈ ಪುಟದಲ್ಲಿ ಎತ್ತಿಕೊಳ್ಳಲು ಇನ್ನೊಂದು ಕಾರಣವಿದೆ. ಶಿಲುಬೆಯ ಮುಂದೆ ನಿಂತು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ, ಹದಿನೈದು ದಿನದಲ್ಲಿ ಸೋತು, ಆ ನಾಚಿಕೆಗೆ ಪಾಪನಿವೇದನೆಗೂ ಬಾರದೆ, ಕ್ರಮೇಣ ದೇವಾಲಯಕ್ಕೇ ಬಾರದೆ ಹೋದ ಗಂಡಸರು ನಮ್ಮಲ್ಲಿದ್ದಾರೆ. ತಂಬಾಕು ಅವರ ಬಾಯಿ ಕೆಡಿಸಿದ್ದು ಒಂದು ನಷ್ಟ. ಅದನ್ನು ಬಿಡಿಸಲು ಹೋಗಿ ನಾವು ಅವರನ್ನೇ ಕಳೆದುಕೊಂಡದ್ದು ಅದಕ್ಕಿಂತ ದೊಡ್ಡ ನಷ್ಟ. ಆದ್ದರಿಂದ ಚಟ ಹೇಗೆ ಹತ್ತುತ್ತದೆ, ಹೇಗೆ ಬಿಡುತ್ತದೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಸಾಲ ತೀರಿಸಲು ಸಾಲ

ಉತ್ತೇಜಕ ಎಂದರೆ ನರಗಳನ್ನು ಚುರುಕುಗೊಳಿಸುವ ವಸ್ತು. ತಂಬಾಕಿನಲ್ಲಿ ನಿಕೋಟಿನ್ ಇದೆ, ಅಡಿಕೆಯಲ್ಲಿ ಅರೆಕೋಲಿನ್ ಇದೆ. ಎರಡಕ್ಕೂ ಮೆದುಳನ್ನು ಎಬ್ಬಿಸುವ ಗುಣವಿದೆ. ಸುಣ್ಣ ಸೇರಿದಾಗ ನಿಕೋಟಿನ್ ಕೆನ್ನೆಯ ಒಳಪದರದ ಮೂಲಕ ಬೇಗ ರಕ್ತಕ್ಕೆ ಇಳಿಯುತ್ತದೆ. ಇದನ್ನು ನಮ್ಮ ಹಿರಿಯರು ಪುಸ್ತಕ ಓದಿ ತಿಳಿದವರಲ್ಲ. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುವ ಕೈಗೆ ಅದು ಮೊದಲೇ ಗೊತ್ತಿತ್ತು.

ಹಾಕಿದ ಕೆಲವೇ ನಿಮಿಷಗಳಲ್ಲಿ ಎದೆ ಬಡಿತ ಏರುತ್ತದೆ, ನಿದ್ದೆ ಸರಿಯುತ್ತದೆ, ಹಸಿವು ಮಂದವಾಗುತ್ತದೆ, ಮನಸ್ಸು ಒಂದು ಕಡೆ ನಿಂತಂತೆ ಅನಿಸುತ್ತದೆ. ಒಂದೆರಡು ತಾಸಿನಲ್ಲಿ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಆಗ ಬೇಸರ, ಆಕಳಿಕೆ, ಸಿಡುಕು, ಕೈ ತಾನಾಗಿ ಜೇಬಿನ ಕಡೆಗೆ. ಇನ್ನೊಂದು ಚಿಟಿಕೆ ಹಾಕಿದರೆ ಹಾಯೆನಿಸುತ್ತದೆ. "ತಂಬಾಕು ಹಾಕಿದ್ರನ ನನಗ ಕೆಲಸ ಸಾಗೂದು" ಎನ್ನುವ ಅಣ್ಣನಿಗೆ ಅದು ನಿಜವೆನಿಸುತ್ತದೆ. ಆದರೆ ಈಗಿನ ಚಿಟಿಕೆ ಕಳೆಯುತ್ತಿರುವ ಸುಸ್ತಿನ ದೊಡ್ಡ ಪಾಲು ಹಿಂದಿನ ಚಿಟಿಕೆ ತಂದದ್ದೇ. ಸಾಹುಕಾರನ ಸಾಲ ತೀರಿಸಲು ಅದೇ ಸಾಹುಕಾರನಲ್ಲಿ ಮತ್ತೆ ಸಾಲ ತೆಗೆದ ಹಾಗೆ.

ಯಾರೂ ನಿರ್ಧರಿಸಿ ಆರಂಭಿಸುವುದಿಲ್ಲ

"ನೀನು ಯಾಕೆ ಶುರು ಮಾಡಿದೆ?" ಎಂದು ಕೇಳಿ ನೋಡಿ. ಹೆಚ್ಚಿನವರಿಗೆ ಉತ್ತರ ಸಿಗುವುದಿಲ್ಲ. ಮದುವೆಯ ದಿನಾಂಕ ನೆನಪಿರುತ್ತದೆ, ಮೊದಲ ಚಿಟಿಕೆಯ ದಿನ ನೆನಪಿರುವುದಿಲ್ಲ. ಏಕೆಂದರೆ ಅಂದು ಅವರು ಏನನ್ನೂ ನಿರ್ಧರಿಸಲಿಲ್ಲ. ಯಾರೋ ಕೈ ಚಾಚಿದರು, ಇವರು ತೆಗೆದುಕೊಂಡರು.

ಆ ಕೈ ಹೆಚ್ಚಾಗಿ ಕೆಲಸದ ಜಾಗದಲ್ಲಿ ಚಾಚುತ್ತದೆ. ರಾತ್ರಿ ಲಾರಿಗೆ ಚೀಲ ಏರಿಸುವ ಗುಂಪಿಗೆ ಹೊಸ ಹುಡುಗ ಸೇರುತ್ತಾನೆ. ನಡುರಾತ್ರಿಗೆ ಕಣ್ಣು ಎಳೆಯುತ್ತದೆ. "ಹಾಕ್ಕೋ ಲೇ, ಏನಾಗೂದಿಲ್ಲ" ಎಂದು ಹಿರಿಯನೊಬ್ಬ ಪಾಕೀಟು ಹರಿದು ಅರ್ಧ ಸುರಿಯುತ್ತಾನೆ. ಅದರಲ್ಲಿ ಕೇಡು ಬಯಸುವ ಭಾವ ಇಲ್ಲ, ಪ್ರೀತಿಯೇ ಇದೆ. ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ಊಟದ ಹೊತ್ತು ಮೀರಿದೆ, ರಾಶಿ ಮುಗಿದಿಲ್ಲ, ಕೂಲಿ ಬಿಡಿಸಿದ ತೂಕದ ಮೇಲೆ. ಪಕ್ಕದ ಅಕ್ಕ ಕೊಟ್ಟ ಕಡ್ಡಿಪುಡಿ ಹಸಿವನ್ನು ಒಂದು ತಾಸು ಮುಂದೂಡುತ್ತದೆ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಕ್ರಾಸಿಂಗ್ ಮಾಡುತ್ತ ಬಿಸಿಲಿನಲ್ಲಿ ಬಗ್ಗಿ ನಿಂತವರದೂ ಇದೇ ಕಥೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನ್ನುತ್ತಿದ್ದ, ಈಗ 48 ಆಗಿರುವ ಪುಣೆ-ಬೆಂಗಳೂರು ರಸ್ತೆಯಲ್ಲಿ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ದಾಟುವ ಚಾಲಕನಿಗೆ ಮುಂಜಾನೆ ಮೂರು ಗಂಟೆಯ ನಿದ್ದೆ ಒಂದು ವೈರಿ. ಅವನು ಗುಟ್ಕಾ ತಿನ್ನುವುದು ಮೋಜಿಗಲ್ಲ.

ಇನ್ನು ಮನೆಯ ಕೈ. ನಮ್ಮ ಸೀಮೆಯಲ್ಲಿ ಎಲೆಅಡಿಕೆ ಕೊಡದೆ ಬೀಗರನ್ನು ಕಳಿಸಿದರೆ ಮರ್ಯಾದೆಯ ಪ್ರಶ್ನೆ. ಸವಣೂರಿನ ವೀಳ್ಯದೆಲೆಗೆ ದೂರದವರೆಗೂ ಹೆಸರಿದೆ. ಹಾನಗಲ್ಲಿನ ಕಡೆ ಅಡಿಕೆ ತೋಟಗಳಿವೆ. ಮದುವೆ, ನಾಮಕರಣ, ಸಾವಿನ ಮನೆ, ಎಲ್ಲೆಲ್ಲೂ ತಟ್ಟೆ ಬರುತ್ತದೆ, ನಮ್ಮ ಕಥೋಲಿಕ ಮನೆಗಳಲ್ಲಿಯೂ. ಅಜ್ಜಿ ಕುಟ್ಟುವ ಅಡಿಕೆಯಲ್ಲಿ ಮೊಮ್ಮಗನಿಗೊಂದು ಚೂರು. ಅದು ತಂಬಾಕಲ್ಲ, ನಿಜ. ಆದರೆ ಬಾಯಿ ಖಾಲಿ ಇರಬಾರದು ಎಂಬ ಪಾಠ ಅಲ್ಲಿ ಆರಂಭವಾಗುತ್ತದೆ.

ತಂಬಾಕು ನಮ್ಮ ನಾಡಿಗೆ ಬಂದದ್ದೂ ಹೀಗೆ ಕಾಣಿಕೆಯಾಗಿಯೇ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ನಮ್ಮ ವಿಜಯಪುರದ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದಿದ್ದ. ಪೋರ್ಚುಗೀಸರು ತಂದಿದ್ದ ಈ ಹೊಸ ಎಲೆಯನ್ನು ಕಂಡು, ಚೆಂದದ ಕೊಳವೆಯೊಂದಿಗೆ ಬಾದಶಹನಿಗೆ ಒಯ್ದ. ಆಸ್ಥಾನದ ವೈದ್ಯ ಬೇಡವೆಂದ. ಅಕ್ಬರ್ ಎರಡು ದಮ್ಮು ಎಳೆದು ಬಿಟ್ಟ, ಆದರೆ ಸರದಾರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಪ್ರಯೋಜನವಾಗಲಿಲ್ಲ. ನಮ್ಮ ಧರ್ಮಸಭೆಯೂ ಪ್ರಯತ್ನಿಸಿದೆ. 1642ರಲ್ಲಿ ಜಗದ್ಗುರು ಎಂಟನೆಯ ಅರ್ಬನ್ ಸ್ಪೇನಿನ ಸೆವಿಲ್ ಧರ್ಮಕ್ಷೇತ್ರದ ದೇವಾಲಯಗಳಲ್ಲಿ ತಂಬಾಕು ಬಳಸುವವರಿಗೆ ಧರ್ಮಬಹಿಷ್ಕಾರವನ್ನೇ ವಿಧಿಸಿದರು. ದೇವಾಲಯದೊಳಗೆ ನಶ್ಯ ಏರಿಸಿ ಸೀನುವವರ ಕಾಟ ಅಷ್ಟಿತ್ತು! ಜಗದ್ಗುರು ಫ್ರಾನ್ಸಿಸರು 2017ರಲ್ಲಿ ಬೇರೆ ದಾರಿ ಹಿಡಿದರು. ಯಾರನ್ನೂ ಶಿಕ್ಷಿಸಲಿಲ್ಲ, 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನೇ ನಿಲ್ಲಿಸಿದರು. ಲಾಭ ಬರುತ್ತಿದ್ದರೂ ಜನರ ಆರೋಗ್ಯ ಕೆಡಿಸುವ ವ್ಯಾಪಾರ ಬೇಡವೆಂದರು.

ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಏನಾಯಿತೆಂದು ನಿಮಗೇ ಗೊತ್ತು. ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು, ಎರಡನ್ನೂ ಬೆರೆಸುವ ಕೆಲಸ ಗಿರಾಕಿಯದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಜಗಿಯುವವರು, ಬಾಯಲ್ಲಿಡುವವರೇ ಸುಮಾರು ಇಮ್ಮಡಿ.

ಮೂರು ಬೆರಳು

ಒಂದು ಪರೀಕ್ಷೆ ಹೇಳುತ್ತೇನೆ, ಈಗಲೇ ಮಾಡಿ ನೋಡಿ. ನಿಮ್ಮ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಬಾಯಿ ತೆರೆದು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಿ. ಆರೋಗ್ಯವಂತ ವಯಸ್ಕನ ಬಾಯಿಗೆ ಮೂರು ಬೆರಳು ಹಿಡಿಸುತ್ತವೆ. ಎರಡೇ ಹಿಡಿಸಿದರೆ, ಅದರಲ್ಲೂ ನಿಮಗೆ ಅಡಿಕೆ, ಗುಟ್ಕಾ ಅಭ್ಯಾಸವಿದ್ದರೆ, ದಂತವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಬೇಡಿ.

ಅಡಿಕೆ ಕೆನ್ನೆಯ ಒಳಪದರವನ್ನು ನಿಧಾನವಾಗಿ ನಾರಾಗಿಸುತ್ತದೆ. ಮೆತ್ತಗಿದ್ದ ಚರ್ಮ ಬಿಳಿಚಿ, ಬಿಗಿದು, ಹಗ್ಗದ ಎಳೆಗಳಂತೆ ಕೈಗೆ ಸಿಗುತ್ತದೆ. ಇದರ ಮೊದಲ ಸೂಚನೆ ಏನು ಗೊತ್ತೇ? ಖಾರ ತಡೆಯದಿರುವುದು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿಯ ಚಟ್ನಿಯನ್ನು ಮಕ್ಕಳೂ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಅದೇ ಮೆಣಸಿನಕಾಯಿಯನ್ನು ದಿನವಿಡೀ ಹೊತ್ತು ಬಂದ ಮನುಷ್ಯ ರಾತ್ರಿ ಚಟ್ನಿ ಮುಟ್ಟಿದರೆ ಬಾಯಿ ಉರಿಯುತ್ತದೆಂದು ಮಜ್ಜಿಗೆಯಲ್ಲಿ ಅನ್ನ ಕಲಸಿಕೊಳ್ಳುತ್ತಾನೆ. ಮನೆಯವರು ಹೊಟ್ಟೆಯಲ್ಲಿ ಉಷ್ಣ ಎಂದುಕೊಳ್ಳುತ್ತಾರೆ. ಹೆಂಡತಿಯರೇ, ತಾಯಂದಿರೇ, ಈ ಸೂಚನೆ ಮೊದಲು ಕಾಣುವುದು ನಿಮಗೇ, ಅಡುಗೆಮನೆಯಲ್ಲೇ.

ಬಿಗಿತ ಹೆಚ್ಚಿದಂತೆ ರೊಟ್ಟಿಯ ತುತ್ತು ಸಣ್ಣದಾಗುತ್ತದೆ, ಆಕಳಿಸಲು ನೋವಾಗುತ್ತದೆ. ಪರಮಪ್ರಸಾದ ಸ್ವೀಕರಿಸಲು ನಾಲಿಗೆ ಚಾಚಲೂ ಆಗದ ಸ್ಥಿತಿ ಬರಬಹುದು. ಅಷ್ಟಕ್ಕೆ ಬಂದ ಮೇಲೆ ಪೂರ್ತಿ ಮೊದಲಿನಂತಾಗುವುದು ಕಷ್ಟ, ಮತ್ತೆ ಅಂಥ ಬಾಯಲ್ಲಿ ಕ್ಯಾನ್ಸರಿನ ಅಪಾಯವೂ ಹೆಚ್ಚು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು ಇವುಗಳಿಗೆ ಮನೆಮದ್ದು ಬೇಡ. ಗರ್ಭಿಣಿಯರು ಬಾಯಲ್ಲಿಡುವ ತಂಬಾಕಿನಿಂದ ಕೂಸು ತೂಕ ಕಡಿಮೆಯಾಗಿ ಹುಟ್ಟಬಹುದು, ಹೊಟ್ಟೆಯಲ್ಲೇ ತೀರಿಕೊಳ್ಳಲೂಬಹುದು.

"ತಂಬಾಕು ಬಿಟ್ಟೀನಿ, ಬರೇ ಅಡಿಕಿ ತಿಂತೀನಿ" ಎನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ಬೆಳೆಯುವ ನಮ್ಮ ಬಂಧುಗಳು ಈ ಮಾತಿಗೆ ಮುನಿಸಿಕೊಳ್ಳಬಹುದು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಬಾಯಿ ಬಿಗಿದವನ ಮುಂದೆ ನಿಂತು ಬೇರೆ ಮಾತು ಹೇಳಲಾಗದು.

ಆಣೆ ಬೇಡ

ಈಗ ಬಿಡುವ ಮಾತು. ನಮ್ಮಲ್ಲಿ ಚಟ ಬಿಡಿಸುವ ವಿಧಾನ ಹೆಚ್ಚುಕಡಿಮೆ ಒಂದೇ. ಧ್ಯಾನಕೂಟದ ಕೊನೆಯ ದಿನ, ಭಾವುಕ ಘಳಿಗೆಯಲ್ಲಿ, ಮುಂದೆ ಕರೆದು, ಶಿಲುಬೆ ಮುಟ್ಟಿಸಿ, ಜೀವಮಾನವಿಡೀ ಮುಟ್ಟುವುದಿಲ್ಲ ಎಂದು ಹೇಳಿಸುವುದು. ಹೆಂಡತಿ ಅಳುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಸೋಮವಾರ ಆತ ಮಾರುಕಟ್ಟೆಗೆ ಹೋಗುತ್ತಾನೆ. ಅದೇ ಚೀಲ, ಅದೇ ಗುಂಪು, ಅದೇ ಚಹಾ, ಚಹಾದ ನಂತರ ಅದೇ ಚಾಚಿದ ಕೈ. ಕೆಲವರು ಗೆಲ್ಲುತ್ತಾರೆ, ದೇವರಿಗೆ ಸ್ತೋತ್ರ. ಬಹಳ ಜನ ಸೋಲುತ್ತಾರೆ. ಸೋತವನು ಈಗ ತಂಬಾಕು ತಿನ್ನುವವನು ಮಾತ್ರವಲ್ಲ, ಶಿಲುಬೆಗೆ ಸುಳ್ಳು ಹೇಳಿದವನು. ಯಾವ ಮುಖ ಹೊತ್ತು ಬರಲಿ ಎಂದು ಆತ ಬರುವುದೇ ಇಲ್ಲ.

ಪ್ರಭು ಯೇಸು ಪರ್ವತ ಪ್ರಸಂಗದಲ್ಲಿ ಆಣೆಯನ್ನೇ ಇಡಬೇಡಿ, ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದಿರಲಿ ಎಂದು ಬೋಧಿಸಿದ್ದು ನಮಗೆ ತಿಳಿದಿದೆ. ಮತ್ತಾಯನ ಐದನೆಯ ಅಧ್ಯಾಯ ತೆಗೆದು ನೋಡಿ. ಸಂತ ಪೌಲ ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ, ಮಾಡಬೇಕೆಂದಿರುವ ಒಳಿತನ್ನು ಮಾಡಲಾಗುತ್ತಿಲ್ಲ, ಬೇಡವೆಂದದ್ದನ್ನೇ ಮಾಡುತ್ತಿದ್ದೇನೆ ಎಂದು ನರಳುತ್ತಾನೆ. ಪ್ರೇಷಿತನೇ ಹೀಗೆ ನರಳಿದ್ದರೆ ನಮ್ಮ ಹಮಾಲಣ್ಣನ ಮೇಲೆ ಒಂದೇ ದಿನದಲ್ಲಿ ಜೀವಮಾನದ ಭಾರ ಹೊರಿಸುವುದು ನ್ಯಾಯವೇ?

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಎರಡು ಮಾತು ಹೇಳುತ್ತದೆ, ಎರಡನ್ನೂ ಒಟ್ಟಿಗೇ ಹಿಡಿಯಬೇಕು. ಒಂದು, 2290ನೆಯ ಪರಿಚ್ಛೇದ. ಮಿತಸಂಯಮದ ಸದ್ಗುಣವು ಊಟ, ಮದ್ಯ, ತಂಬಾಕು, ಔಷಧಿ ಇವುಗಳ ಅತಿಬಳಕೆಯಿಂದ ನಮ್ಮನ್ನು ದೂರವಿಡುತ್ತದೆ ಎಂಬುದು ಅದರ ಸಾರ. ತಂಬಾಕನ್ನು ಹೆಸರಿಸಿಯೇ ಹೇಳಿದೆ, ಆದ್ದರಿಂದ ಇದು ಧರ್ಮಕ್ಕೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ಇನ್ನೊಂದು, 1735ನೆಯ ಪರಿಚ್ಛೇದ. ಅಜ್ಞಾನ, ಭಯ, ಒತ್ತಾಯ, ರೂಢಿಯಾದ ಅಭ್ಯಾಸ ಇಂಥವುಗಳಿಂದ ಒಬ್ಬನ ಕೃತ್ಯದ ಹೊಣೆ ತಗ್ಗಬಹುದು ಎಂದು ಅದು ಕಲಿಸುತ್ತದೆ. ಮೊದಲನೆಯದನ್ನು ಪೀಠದಿಂದ ಸಾಕಷ್ಟು ಕೇಳಿದ್ದೇವೆ. ಎರಡನೆಯದನ್ನು ಚಟಕ್ಕೆ ಬಿದ್ದವನ ಕಿವಿಗೆ ಯಾರಾದರೂ ಹಾಕಿದ್ದುಂಟೆ?

ಆಣೆಗೆ ಬದಲು ಏನು? ಐರ್ಲೆಂಡಿನ ಡಬ್ಲಿನ್ ನಗರದ ಒಬ್ಬ ಕೂಲಿಕಾರನ ಬದುಕನ್ನು ನೋಡೋಣ. ಮ್ಯಾಟ್ ಟಾಲ್ಬಟ್ ಹುಟ್ಟಿದ್ದು 1856ರಲ್ಲಿ. ಚಿಕ್ಕ ವಯಸ್ಸಿನಲ್ಲೇ ಮದ್ಯ ತುಂಬುವ ಅಂಗಡಿಯ ಕೆಲಸಕ್ಕೆ ಸೇರಿ, ಹನ್ನೆರಡು ಹದಿಮೂರಕ್ಕೇ ಕುಡಿತ ಕಲಿತ. ನೋಡಿ, ಅಲ್ಲಿಯೂ ಕೆಲಸದ ಜಾಗವೇ! ಉತ್ತೇಜಕವಲ್ಲ, ಮದ್ಯ. ಆದರೆ ಬಿಟ್ಟ ರೀತಿ ನಮಗೆ ಬೇಕಾದದ್ದು. 1884ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಗುರುಗಳ ಬಳಿ ಹೋಗಿ ಕುಡಿಯುವುದಿಲ್ಲ ಎಂದು ವ್ರತ ತೊಟ್ಟ. ಎಷ್ಟು ಕಾಲಕ್ಕೆ? ಮೂರು ತಿಂಗಳಿಗೆ. ಅದು ಮುಗಿದಾಗ ಇನ್ನಾರು ತಿಂಗಳಿಗೆ. ಜೀವಮಾನದ ಮಾತು ಅದಾದ ಮೇಲೆ. ಕಾಸಿದ್ದರೆ ಹೆಂಡದಂಗಡಿಗೆ ಕಾಲು ಹೋಗುತ್ತದೆಂದು ಜೇಬಿನಲ್ಲಿ ಹಣ ಇಟ್ಟುಕೊಳ್ಳುವುದನ್ನೇ ಬಿಟ್ಟ. ಸಂಜೆಗಳನ್ನು ಅಂಗಡಿಯ ಬದಲು ದೇವಾಲಯದಲ್ಲಿ ಕಳೆದ, ಕೆಲಸಕ್ಕೆ ಮುಂಚಿನ ಬಲಿಪೂಜೆಗೆ ನಿತ್ಯ ಹೋದ. ಮುಂದೆ ತಂಬಾಕಿನ ಕೊಳವೆಯನ್ನೂ ಬಿಟ್ಟ. ಮರದ ಅಡ್ಡೆಯಲ್ಲಿ ದಿಮ್ಮಿ ಹೊರುವ ಕೂಲಿಕಾರನಾಗಿಯೇ ಉಳಿದು, 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಂಡ. 1975ರಲ್ಲಿ ಧರ್ಮಸಭೆ ಅವನನ್ನು ಪೂಜ್ಯನೆಂದು ಘೋಷಿಸಿತು.

ನಾವು ಇನ್ನೂ ಚಿಕ್ಕದಾಗಿ ಆರಂಭಿಸೋಣ. ಪರಮಪ್ರಸಾದಕ್ಕೆ ಮುಂಚೆ ಒಂದು ತಾಸಿನ ಉಪವಾಸ ಧರ್ಮಸಭೆಯ ನಿಯಮ. ಆ ತಾಸಿಗೆ ತಂಬಾಕು, ಅಡಿಕೆಗಳನ್ನೂ ಸೇರಿಸಿ. ಬಲಿಪೂಜೆ ಮುಗಿದು ಮನೆ ಸೇರುವವರೆಗೆ ಮೂರು ತಾಸು ಆಗುತ್ತದೆ. ಅಂಗಳದಲ್ಲಿ ಉಗುಳಿ ಒಳಗೆ ಬಂದು, ಹೊರಬಿದ್ದ ಕೂಡಲೇ ಮತ್ತೆ ಹಾಕುವವನಿಗೆ ಮೂರು ತಾಸು ಸಣ್ಣ ಮಾತಲ್ಲ. ಆಮೇಲೆ ಭಾನುವಾರ ಮಧ್ಯಾಹ್ನದವರೆಗೆ. ಆಮೇಲೆ ಇಡೀ ಭಾನುವಾರ. ದೇಹ ಏನು ಹೇಳುತ್ತದೆ, ಯಾವ ಹೊತ್ತಿಗೆ ಕೇಳುತ್ತದೆ ಎಂಬುದು ಆಗ ತಿಳಿಯುತ್ತದೆ. ಆ ತಿಳಿವಳಿಕೆ ಇಟ್ಟುಕೊಂಡು ಪೂರ್ತಿ ಬಿಡುವ ದಿನ ಗೊತ್ತುಮಾಡಿ.

ಆ ದಿನ ವಿಭೂತಿ ಬುಧವಾರವೇ ಆಗಬೇಕೆಂದಿಲ್ಲ. ತಪಸ್ಸು ಕಾಲದಲ್ಲಿ ಬಿಡುವುದು ನಮ್ಮ ವಾಡಿಕೆ. ಆದರೆ ಲೆಕ್ಕ ಹಾಕಿ ನೋಡಿ, ತಪಸ್ಸು ಕಾಲವೂ ಮೆಣಸಿನಕಾಯಿಯ ಭರಾಟೆಯೂ ಒಟ್ಟಿಗೇ ಬರುತ್ತವೆ. ವರ್ಷದಲ್ಲೇ ಅತಿ ಹೆಚ್ಚು ದುಡಿಮೆ, ಅತಿ ಕಡಿಮೆ ನಿದ್ದೆ ಆಗ. ಅಂಥ ದಿನಗಳಲ್ಲಿ ನಿದ್ದೆಗೆಡಲು ಇದ್ದ ಆಸರೆಯನ್ನು ಕಿತ್ತರೆ ಸೋಲುವುದು ಸಹಜ. ಹಮಾಲಿ ಮಾಡುವವರು ಹಂಗಾಮು ಇಳಿದ ಮೇಲೆ, ಮಳೆಗಾಲದಲ್ಲಿ, ನಾಲ್ಕು ದಿನ ಬಿಡುವಿರುವಾಗ ಆರಂಭಿಸುವುದು ಜಾಣತನ. ತಪಸ್ಸು ಕಾಲಕ್ಕೆ ಬೇರೆ ತ್ಯಾಗಗಳಿವೆ.

ಮೊದಲ ಮೂರು ದಿನ

ಬಿಟ್ಟ ಕೆಲವೇ ತಾಸುಗಳಲ್ಲಿ ದೇಹ ಕೇಳಲಾರಂಭಿಸುತ್ತದೆ. ಎರಡನೆಯ, ಮೂರನೆಯ ದಿನ ಅತಿ ಕಠಿಣ. ತಲೆನೋವು, ಸಿಟ್ಟು, ನಿದ್ದೆ ಕೆಡುವುದು, ಗಮನ ನಿಲ್ಲದಿರುವುದು, ವಿಪರೀತ ಹಸಿವು, ಕೆಲವರಿಗೆ ಮಲಬದ್ಧತೆ. ಇವು ಕಾಯಿಲೆಯಲ್ಲ, ನಿಕೋಟಿನ್ ಇಲ್ಲದೆ ನಡೆಯಲು ಮೆದುಳು ಮತ್ತೆ ಕಲಿಯುತ್ತಿರುವ ಗುರುತು. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಒಂದೊಂದು ಸಲದ ತೀವ್ರ ಬಯಕೆ ಕೆಲವೇ ನಿಮಿಷಗಳದ್ದು. ಅಲೆಯಂತೆ ಏರುತ್ತದೆ, ಇಳಿಯುತ್ತದೆ. ಆ ಐದು ನಿಮಿಷ ಎದ್ದು ನಡೆಯಿರಿ, ನೀರು ಕುಡಿಯಿರಿ, ಜಪಸರದ ಒಂದು ದಶಕ ಹೇಳಿ. ಹತ್ತು ನಮೋಮರಿಯ ಮುಗಿಯುವಷ್ಟರಲ್ಲಿ ಅಲೆ ಇಳಿದಿರುವುದೇ ಹೆಚ್ಚು.

ಲೂಕನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಭು ಒಂದು ಮನೆಯ ಮಾತು ಹೇಳುತ್ತಾರೆ. ಅಶುದ್ಧಾತ್ಮ ಬಿಟ್ಟು ಹೋದ ಮನೆ ಗುಡಿಸಿ ಸಾರಿಸಿ ಸಿದ್ಧವಾಗಿದೆ, ಆದರೆ ಖಾಲಿ. ಹೋದದ್ದು ತನಗಿಂತ ಕೆಟ್ಟವರು ಏಳು ಮಂದಿಯನ್ನು ಕರೆದುಕೊಂಡು ಮರಳುತ್ತದೆ. ಬಾಯಿ ಖಾಲಿಯಾದವನ ಸ್ಥಿತಿ ಇದೇ. ಗುಡಿಸಿದರೆ ಸಾಲದು, ತುಂಬಬೇಕು. ಬಾಯಿಗೆ ಸೋಂಪು, ಏಲಕ್ಕಿ, ಲವಂಗ, ಹುರಿಗಡಲೆ. ಹಾವೇರಿಯವರು ಏಲಕ್ಕಿ ಮಾಲೆ ಕಟ್ಟಿ ದೊಡ್ಡವರ ಕೊರಳಿಗೆ ಹಾಕುತ್ತಾರಲ್ಲ, ನಾಲ್ಕು ಕಾಳು ನಮ್ಮ ಜೇಬಿಗೂ ಇರಲಿ. ಆದರೆ ಬಾಯಿಗಿಂತ ಹೊತ್ತನ್ನು ತುಂಬುವುದು ಮುಖ್ಯ. ಹಸಿವು ಮುಂದೂಡಲು ಕಡ್ಡಿಪುಡಿ ಹಾಕುತ್ತಿದ್ದ ತಾಯಿಗೆ ಹನ್ನೊಂದು ಗಂಟೆಗೆ ಒಂದು ರೊಟ್ಟಿ ಸಿಗದೆ ಹೋದರೆ ಏಲಕ್ಕಿ ಏನು ಮಾಡೀತು? ನಿದ್ದೆ ತಡೆಯಲು ಗುಟ್ಕಾ ಹಾಕುತ್ತಿದ್ದ ಚಾಲಕ ಗಾಡಿ ನಿಲ್ಲಿಸಿ ಅರ್ಧ ತಾಸು ಮಲಗಲು ಮಾಲೀಕ ಬಿಡದಿದ್ದರೆ? ಕೆಲಸ ಕೊಡುವವರೂ ನಮ್ಮ ಓದುಗರಲ್ಲಿದ್ದಾರೆ, ಅವರೂ ಇದನ್ನು ಯೋಚಿಸಲಿ.

ಔಷಧಿಯ ಸಹಾಯ ಪಡೆಯುವುದು ದೌರ್ಬಲ್ಯವಲ್ಲ. ನಿಕೋಟಿನ್ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಗುಟ್ಕಾದಂತೆ ಎಡೆಬಿಡದೆ ಜಗಿಯಬಾರದು. ನಿಧಾನವಾಗಿ ಕೆಲವು ಸಲ ಜಗಿದು, ಚುರುಗುಟ್ಟಿದ ಕೂಡಲೇ ಕೆನ್ನೆಯ ಸಂದಿಯಲ್ಲಿ ಇಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು, ಅರ್ಧ ತಾಸಿನವರೆಗೆ. ಅದಕ್ಕೆ ಕಾಲು ತಾಸು ಮುಂಚೆ ಮತ್ತು ಅದು ಬಾಯಲ್ಲಿರುವಾಗ ಚಹಾ, ಕಾಫಿ, ಹುಳಿ ಪಾನೀಯ ಬೇಡ. ಎದೆನೋವಿನವರು, ಗರ್ಭಿಣಿಯರು, ಬಾಯಿ ಬಿಗಿದವರು ವೈದ್ಯರನ್ನು ಕೇಳದೆ ಬಳಸಬಾರದು. ಬಯಕೆ ತಗ್ಗಿಸುವ ಮಾತ್ರೆಗಳನ್ನೂ ವೈದ್ಯರು ಬರೆದುಕೊಡುತ್ತಾರೆ. 1800-11-2356 ತಂಬಾಕು ಬಿಡುವವರಿಗೆ ಇರುವ ರಾಷ್ಟ್ರೀಯ ದೂರವಾಣಿ, ಕರೆಗೆ ಹಣವಿಲ್ಲ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇದರಲ್ಲಿ ಸೇರಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬಾಯಲ್ಲಿ ಸಂಶಯದ ಹುಣ್ಣಿದ್ದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮಗೆ ದೂರವಲ್ಲ.

ಮತ್ತೆ ಹಾಕಿಕೊಂಡರೆ

ಬಿಟ್ಟವರಲ್ಲಿ ಹೆಚ್ಚಿನವರು ಒಂದೇ ಸಲಕ್ಕೆ ಬಿಟ್ಟವರಲ್ಲ. ಎರಡು, ಮೂರು, ಐದು ಸಲ ಬಿಟ್ಟು ಹಿಡಿದು ಕೊನೆಗೆ ಬಿಟ್ಟವರು. ಆದ್ದರಿಂದ ಒಂದು ತಿಂಗಳು ಬಿಟ್ಟವನು ಬೀಗರ ಮದುವೆಯಲ್ಲಿ ಒಂದು ಸಲ ಹಾಕಿಕೊಂಡರೆ ಆ ಮೂವತ್ತು ದಿನ ಸುಳ್ಳಾಗುವುದಿಲ್ಲ. ಎಲ್ಲಿ ಜಾರಿದೆ, ಯಾರ ಕೈ ಚಾಚಿತ್ತು, ಆಗ ಹಸಿದಿದ್ದೆನೇ, ಸಿಟ್ಟಿನಲ್ಲಿದ್ದೆನೇ ಎಂದು ಕೇಳಿಕೊಂಡು ಅಂದು ರಾತ್ರಿಯೇ ಮತ್ತೆ ಬಿಡಬೇಕು. "ಹೆಂಗೂ ಕೆಟ್ಟಿತು, ಇವತ್ತೊಂದು ದಿನ ಪೂರಾ ತಿಂದು ನಾಳೆ ಬಿಡ್ತೀನಿ" ಎಂಬ ಮಾತು ಬಾಯಿಗೆ ಬಂದಾಗ ಎಚ್ಚರ. ಎಷ್ಟೋ ಜನ ಪೂರ್ತಿ ಮರಳಿ ಬೀಳುವುದು ಆ ಮಾತಿನಿಂದ, ಆ ಒಂದು ಚಿಟಿಕೆಯಿಂದಲ್ಲ.

ಮನೆಯವರೇ, ಜೇಬು ಹುಡುಕಬೇಡಿ, ಬಾಯಿ ಮೂಸಬೇಡಿ, ಮಕ್ಕಳನ್ನು ಗೂಢಚಾರರನ್ನಾಗಿ ಮಾಡಬೇಡಿ. ಹುಡುಕುವ ಮನೆಯಲ್ಲಿ ಬಚ್ಚಿಡುವುದನ್ನು ಕಲಿಯುತ್ತಾರೆ. ಮೊದಲ ಎರಡು ವಾರದ ಸಿಡುಕನ್ನು ಜ್ವರದ ಮಾತೆಂದು ತಿಳಿದು ಬಿಟ್ಟುಬಿಡಿ. ಜಾರಿದ ದಿನ ಆತ ತಾನಾಗಿ ಬಂದು ಹೇಳಿದರೆ ಅದು ಸಣ್ಣ ಜಯ, ಬೈದರೆ ಮುಂದಿನ ಸಲ ಹೇಳುವುದಿಲ್ಲ. ಎಪ್ಪತ್ತೇಳು ಸಲದ ಕ್ಷಮೆಯನ್ನು ಪೇತ್ರನಿಗೆ ಕಲಿಸಿದ ಪ್ರಭು ಎಣಿಕೆಯ ಪುಸ್ತಕ ಇಟ್ಟವರಲ್ಲ. ಹಾಗೆಯೇ ಹಿಂದೆ ಆಣೆ ಮುರಿದು ದೂರ ಉಳಿದವರ ಮನೆ ನಿಮ್ಮ ಬೀದಿಯಲ್ಲಿದ್ದರೆ ಕಿರು ಕ್ರೈಸ್ತ ಸಮುದಾಯದವರು ಹೋಗಿ ಕರೆಯಿರಿ. ತಂಬಾಕಿನ ಮಾತು ಎತ್ತಬೇಡಿ, ಭಾನುವಾರದ ಮಾತು ಎತ್ತಿ. ಮುರಿದ ಆಣೆ ಮನಸ್ಸಿಗೆ ಭಾರವಾಗಿದ್ದರೆ ಪಾಪನಿವೇದನೆಯಲ್ಲಿ ಹೇಳಿಕೊಳ್ಳಬಹುದು, ಗುರುಗಳು ಕೇಳದೆ ಹೋಗುವ ವಿಷಯವಲ್ಲ ಅದು. ಬಾಯಲ್ಲಿ ಇನ್ನೂ ಚಿಟಿಕೆ ಇರುವವನಿಗೂ ದೇವಾಲಯದ ಬಾಗಿಲು ತೆರೆದಿದೆ ಎಂಬುದನ್ನು ಯಾರಾದರೂ ಹೋಗಿ ತಿಳಿಸಬೇಕಲ್ಲ.

ಕೊನೆಗೆ ಒಂದು ಕಷ್ಟದ ಮಾತು. ಗೂಡಂಗಡಿ ಇಟ್ಟು ಜೀವನ ಮಾಡುವ ಕುಟುಂಬಗಳೂ ನಮ್ಮ ಧರ್ಮಕೇಂದ್ರಗಳಲ್ಲಿವೆ. ಪಾಕೀಟು ತೂಗುಹಾಕದಿದ್ದರೆ ಗಿರಾಕಿ ಚಹಾಕ್ಕೂ ನಿಲ್ಲುವುದಿಲ್ಲ ಎನ್ನುತ್ತಾರೆ, ಅದರಲ್ಲಿ ಸತ್ಯವಿದೆ. ಶಾಲೆಯ ಸುತ್ತ ನೂರು ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ. ರಾಜ್ಯ ವಿಧಾನಮಂಡಲ 2024ರಲ್ಲಿ ಒಪ್ಪಿದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೂ ಮಾರುವಂತಿಲ್ಲ. ಪೂರ್ತಿ ನಿಲ್ಲಿಸಲು ಇಂದೇ ಆಗದಿದ್ದರೆ, ಅಪ್ಪನಿಗೆಂದು ಪಾಕೀಟು ಕೇಳಿಕೊಂಡು ಬರುವ ಮಗುವಿನ ಕೈಗೆ ಕೊಡುವುದನ್ನಾದರೂ ಈ ವಾರ ನಿಲ್ಲಿಸಿ. ಅಪ್ಪ ಸಿಟ್ಟಾದರೆ ತಾನೇ ನಡೆದು ಬರಲಿ.